ವಿಟ್ಬಿಯ ಎರಡು ಜೀವರಕ್ಷಕ ದೋಣಿಗಳು: ಹುಟ್ಟು ಮತ್ತು ಹಾಯಿಯ ಕಾಲದ ಕೊನೆಯ ಸಾಕ್ಷಿಗಳು

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ವಿಟ್ಬಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಗುಡ್ಡದ ಮೇಲಿನ ಪಾಳುಬಿದ್ದ ಕ್ರೈಸ್ತ ಮಠವನ್ನೂ, ಅಲ್ಲಿಗೆ ಹತ್ತುವ 199 ಮೆಟ್ಟಿಲುಗಳನ್ನೂ, ಕ್ಯಾಪ್ಟನ್ ಜೇಮ್ಸ್ ಕುಕ್ ಯುವಕನಾಗಿದ್ದಾಗ ಹಡಗಿನ ಕೆಲಸ ಕಲಿಯುತ್ತ ಉಳಿದುಕೊಂಡಿದ್ದ ಮನೆಯನ್ನೂ ನೋಡಿಕೊಂಡು ಸಂಜೆಯ ಬಸ್ಸಿಗೆ ಮರಳುತ್ತಾರೆ. ಅದೇ ಬಂದರಿನಲ್ಲಿ, ಅಪಾಯಕ್ಕೆ ಸಿಕ್ಕ ಹಡಗಿನವರನ್ನು ಕರೆತರಲು ತೀರದಿಂದ ಹೊರಟು ಹುಟ್ಟು ಮತ್ತು ಹಾಯಿಯ ಬಲದಿಂದಲೇ ನಡೆಯುತ್ತಿದ್ದ ಎರಡು ಜೀವರಕ್ಷಕ ದೋಣಿಗಳು ಉಳಿದಿವೆ. ಒಂದು, ಪಿಯರ್ ರಸ್ತೆಯ ಹಳೆಯ ದೋಣಿಮನೆಯಲ್ಲಿರುವ ವಸ್ತುಸಂಗ್ರಹಾಲಯದ 'ರಾಬರ್ಟ್ ಅಂಡ್ ಎಲೆನ್ ರಾಬ್ಸನ್'. ಇನ್ನೊಂದು, ವಿಟ್ಬಿ ಹಿಸ್ಟಾರಿಕ್ ಲೈಫ್‌ಬೋಟ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ಕೊಂಡು, ದುರಸ್ತಿ ಮಾಡಿ, ಮತ್ತೆ ನೀರಿಗಿಳಿಸಿದ 'ವಿಲಿಯಂ ರೈಲಿ'. ಈ ಎರಡನ್ನೂ ಒಂದೇ ದಿನ, ಒಂದರ ಬೆನ್ನಿಗೆ ಇನ್ನೊಂದನ್ನು ನೋಡಬೇಕೆಂಬುದು ನನ್ನ ಸಲಹೆ. ಎರಡರಲ್ಲಿ ಯಾವುದು ಹೆಚ್ಚು ಮುಖ್ಯ ಎಂದು ಕೇಳಿದರೆ, ಎರಡನೆಯದೇ ಎಂದು ಹಿಂಜರಿಯದೆ ಹೇಳುತ್ತೇನೆ. ಅದು ತನ್ನ ಅತ್ಯಂತ ಪ್ರಸಿದ್ಧ ಯಾತ್ರೆಯಲ್ಲಿ ಒಬ್ಬನನ್ನೂ ಉಳಿಸಲಾಗದೆ ಮರಳಿದ ದೋಣಿ. ಆ ಸೋಲಿನ ಚರಿತ್ರೆ ತಿಳಿಯದೆ ಇಂದಿನ ಯಂತ್ರಚಾಲಿತ ಜೀವರಕ್ಷಕ ದೋಣಿಗಳ ಚರಿತ್ರೆ ಅರ್ಥವಾಗುವುದಿಲ್ಲ.

ಎರಡೂ ದೋಣಿಗಳು ಸೇವೆ ಸಲ್ಲಿಸಿದ್ದು ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ. ಸರ್ ವಿಲಿಯಂ ಹಿಲರಿಯವರ ಪ್ರಯತ್ನದಿಂದ 1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ಆರಂಭವಾದ ಈ ಸಂಸ್ಥೆ ಸರ್ಕಾರದ ಇಲಾಖೆಯಲ್ಲ. ಜನರು ಕೊಡುವ ದಾನ ಮತ್ತು ಉಯಿಲಿನಲ್ಲಿ ಬರೆದಿಡುವ ಹಣದಿಂದ ನಡೆಯುವ ಇದರ ದೋಣಿಗಳಲ್ಲಿ ಹೋಗುವವರು ಬಹುಪಾಲು ಸ್ವಯಂಸೇವಕರು. ಇಲ್ಲಿಯವರೆಗೆ ಅದು ಉಳಿಸಿದ ಜೀವಗಳು 1,40,000ಕ್ಕೂ ಹೆಚ್ಚು. ದೋಣಿಗಳಿಗೆ ದಾನಿಗಳ ಹೆಸರನ್ನೋ ಅವರು ನೆನೆಯಬಯಸಿದವರ ಹೆಸರನ್ನೋ ಇಡುವುದು ಅಲ್ಲಿನ ರೂಢಿ. ಹೀಗಾಗಿಯೇ ನಮ್ಮ ಎರಡನೆಯ ದೋಣಿಯ ಪೂರ್ಣ ಹೆಸರು 'ವಿಲಿಯಂ ರೈಲಿ ಆಫ್ ಬರ್ಮಿಂಗ್‌ಹ್ಯಾಮ್ ಅಂಡ್ ಲೆಮಿಂಗ್ಟನ್' ಎಂಬ ಉದ್ದನೆಯದು.

ವಿಟ್ಬಿಯಲ್ಲಿ ಇಷ್ಟೊಂದು ಹಡಗುಗಳು ಒಡೆದದ್ದೇಕೆ ಎಂಬುದನ್ನು ಮೊದಲು ಬಂದರಿನ ಬಾಯಲ್ಲಿ ನಿಂತು ನೋಡಿಕೊಳ್ಳುವುದು ಒಳ್ಳೆಯದು. ಎಸ್ಕ್ ನದಿ ಸಮುದ್ರ ಸೇರುವ ಅಳಿವೆಯೇ ಇಲ್ಲಿನ ಬಂದರು, ಮತ್ತು ಅದರ ಬಾಗಿಲು ಉತ್ತರಕ್ಕೆ ತೆರೆದಿದೆ. ಉತ್ತರದ ಗಾಳಿ ಜೋರಾದ ದಿನ ತೆರೆಗಳು ನೇರವಾಗಿ ಅಳಿವೆಯೊಳಗೆ ನುಗ್ಗಿ, ನದಿಯ ಹೊರಹರಿವಿಗೆ ಎದುರಾಗಿ ಅಲ್ಲೇ ಒಡೆಯುತ್ತವೆ. ಗಂಗೊಳ್ಳಿಯ ಅಳಿವೆಯಲ್ಲಿ ಮಳೆಗಾಲದ ಆರಂಭದಲ್ಲಿ ದೋಣಿಗಳು ಮಗುಚಿದ ಸುದ್ದಿ ಓದಿದವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಕ್ಯಾಸಲ್ ಕಡೆಯ ಗಣಿಗಳ ಕಲ್ಲಿದ್ದಲನ್ನು ಲಂಡನ್ನಿಗೆ ಸಾಗಿಸುವ ಹಾಯಿ ಹಡಗುಗಳ ಸಾಲು ಈ ತೀರವನ್ನು ತಬ್ಬಿಕೊಂಡೇ ಸಾಗುತ್ತಿತ್ತು. ಬಿರುಗಾಳಿ ಎದ್ದಾಗ ಆ ಹಡಗುಗಳಿಗೆ ಸಮುದ್ರದ ಕಡೆ ಗಾಳಿ, ತೀರದ ಕಡೆ ಬಂಡೆ. ನಡುವೆ ಸಿಕ್ಕಿದವು ಉಳಿಯುವುದು ಕಷ್ಟವಾಗಿತ್ತು.

ಪಿಯರ್ ರಸ್ತೆಯ ವಸ್ತುಸಂಗ್ರಹಾಲಯದ ಕಟ್ಟಡ ಚಿಕ್ಕದು. ಅದನ್ನು ಪ್ರದರ್ಶನಕ್ಕೆಂದು ಕಟ್ಟಿದ್ದಲ್ಲ, ದೋಣಿ ಇಡಲೆಂದು ಕಟ್ಟಿದ್ದು. ಆದ್ದರಿಂದ ಒಳಗೆ ಹೋದವರಿಗೆ ದೋಣಿಯೇ ಎದುರಾಗುತ್ತದೆ, ಮಿಕ್ಕ ವಸ್ತುಗಳೆಲ್ಲ ಅದರ ಸುತ್ತ. ಇದನ್ನು ನಾನು ದೊಡ್ಡ ಗುಣವೆಂದೇ ಎಣಿಸುತ್ತೇನೆ. ವಿಶಾಲವಾದ ಸಭಾಂಗಣದಲ್ಲಿ ಹತ್ತು ದೋಣಿಗಳ ನಡುವೆ ಇಟ್ಟಿದ್ದರೆ 'ರಾಬರ್ಟ್ ಅಂಡ್ ಎಲೆನ್ ರಾಬ್ಸನ್' ಒಂದು ಮಾದರಿಯಾಗಿ ಮಾತ್ರ ಕಾಣುತ್ತಿತ್ತು. ಇಲ್ಲಿ ಅದರ ಮೂತಿಯ ಕೆಳಗೆ ನಿಂತು ತಲೆಯೆತ್ತಿದಾಗ ಹಲಗೆಗಳ ಬಾಗು, ಅಂಚಿನುದ್ದಕ್ಕೂ ಮಾಲೆಯಂತೆ ಇಳಿಬಿಟ್ಟ ಹಗ್ಗ, ಎರಡೂ ತುದಿಗಳಲ್ಲಿ ಎತ್ತರಕ್ಕೆ ಎದ್ದಿರುವ ಗಾಳಿಪೆಟ್ಟಿಗೆ, ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರ. 1918ರಲ್ಲಿ ಕಟ್ಟಿದ ಈ ದೋಣಿ 1957ರಲ್ಲಿ ನಿವೃತ್ತವಾಯಿತು; ಈ ಸಂಸ್ಥೆಯಲ್ಲಿ ಹುಟ್ಟು ಹಾಕಿ ನಡೆಸುತ್ತಿದ್ದ ಜೀವರಕ್ಷಕ ದೋಣಿಗಳ ಸಾಲಿನಲ್ಲಿ ಇದೇ ಕೊನೆಯದು. ಮೋಟಾರು ದೋಣಿಗಳು ಬಂದು ಅರ್ಧ ಶತಮಾನ ಕಳೆದ ಮೇಲೂ ಮನುಷ್ಯರ ತೋಳಿನ ಬಲವನ್ನು ನೆಚ್ಚಿ ಸಮುದ್ರಕ್ಕೆ ಇಳಿಯುವ ಪದ್ಧತಿ ಇಲ್ಲಿ ಉಳಿದಿತ್ತು ಎಂಬುದನ್ನು ಗಮನಿಸಬೇಕು.

ಈ ದೋಣಿಯ ಆಕಾರವನ್ನು ಅವಸರವಿಲ್ಲದೆ ನೋಡಬೇಕು, ಏಕೆಂದರೆ ಇದರ ಒಂದೊಂದು ವಕ್ರರೇಖೆಯ ಹಿಂದೆಯೂ ಒಂದು ಪ್ರಶ್ನೆಯಿದೆ. ಸುಮಾರು 34 ಅಡಿ ಉದ್ದ, ಅದಕ್ಕೆ ಹೋಲಿಸಿದರೆ ಕಡಿಮೆ ಅಗಲ. ಹಿಂದು ಮುಂದು ಎರಡೂ ಕಡೆ ಒಂದೇ ರೀತಿ ಮೊನಚು, ಏಕೆಂದರೆ ಒಡೆಯುವ ತೆರೆಗಳ ನಡುವೆ ದೋಣಿಯನ್ನು ತಿರುಗಿಸಲು ಹೋದರೆ ತೆರೆಗೆ ಮಗ್ಗುಲು ಕೊಟ್ಟಂತಾಗುತ್ತದೆ. ತಿರುಗಿಸದೆಯೇ ಹಿಂದಕ್ಕೆ ಹುಟ್ಟು ಹಾಕಿ ಬರಲು ಸಾಧ್ಯವಾಗಬೇಕು. ಒಳಗಿನ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ತುಸು ಮೇಲಿದೆ. ಆ ನೆಲದಿಂದ ದೋಣಿಯ ತಳಕ್ಕೆ ಕೊಳವೆಗಳಿವೆ, ಕೊಳವೆಗಳಿಗೆ ಹೊರಮುಖವಾಗಿ ಮಾತ್ರ ತೆರೆದುಕೊಳ್ಳುವ ಮುಚ್ಚಳಗಳಿವೆ. ತೆರೆಯೊಂದು ದೋಣಿಯನ್ನು ತುಂಬಿದರೂ ನೀರು ತಾನಾಗಿ ಕೆಳಗಿಳಿದು ಹೋಗುತ್ತದೆ. ಎತ್ತಿ ಚೆಲ್ಲುವ ಕೆಲಸವಿಲ್ಲ. ಇನ್ನು ದೋಣಿ ಪೂರ್ತಿ ಮಗುಚಿತು ಎಂದುಕೊಳ್ಳಿ. ಆಗ ಅದು ನಿಲ್ಲಬೇಕಾದದ್ದು ತುದಿಗಳ ಎರಡು ಎತ್ತರದ ಗಾಳಿಪೆಟ್ಟಿಗೆಗಳ ಮೇಲೆ. ಮೇಲಕ್ಕೆ ಬಂದಿರುವುದು ಕಬ್ಬಿಣದ ಭಾರವಾದ ಅಡಿಮರ. ಆ ಸ್ಥಿತಿಯಲ್ಲಿ ಅದಕ್ಕೆ ಸಮತೋಲ ಸಾಧ್ಯವೇ ಇಲ್ಲ, ಆದ್ದರಿಂದ ಒಂದು ಕಡೆಗೆ ಉರುಳಿ ಮತ್ತೆ ನೆಟ್ಟಗಾಗುತ್ತದೆ. ಅಂಚಿನ ಹಗ್ಗದ ಮಾಲೆಗಳು ಆ ಕ್ಷಣಕ್ಕಾಗಿಯೇ ಇರುವುದು. ನೀರಿಗೆ ಬಿದ್ದವರು ಅವನ್ನು ಹಿಡಿದು ಮತ್ತೆ ಒಳಗೆ ಏರಬೇಕು.

ತಾನಾಗಿ ನೆಟ್ಟಗಾಗುವ ಈ ವಿನ್ಯಾಸಕ್ಕೆ ಅಡಿಪಾಯ ಬಿದ್ದದ್ದು 1851ರಲ್ಲಿ. ನಾರ್ತಂಬರ್‌ಲ್ಯಾಂಡಿನ ಡ್ಯೂಕ್ ಉತ್ತಮ ಜೀವರಕ್ಷಕ ದೋಣಿಯ ಮಾದರಿಗೆ 100 ಗಿನಿಗಳ ಬಹುಮಾನ ಘೋಷಿಸಿದಾಗ 280 ಮಾದರಿಗಳು ಬಂದವು. ಬಹುಮಾನ ಗ್ರೇಟ್ ಯಾರ್ಮತ್‌ನ ಜೇಮ್ಸ್ ಬೀಚಿಂಗ್ ಅವರಿಗೆ ಸಂದಿತು; ವುಲಿಚ್ ಹಡಗುಕಟ್ಟೆಯ ಜೇಮ್ಸ್ ಪೀಕ್ ಅದನ್ನು ತಿದ್ದಿ ಬಳಕೆಗೆ ತಂದರು. ಆದರೆ ಈ ಗುಣಕ್ಕೆ ತೆತ್ತ ಬೆಲೆಯೂ ಇತ್ತು. ಸುಲಭವಾಗಿ ನೆಟ್ಟಗಾಗಲು ದೋಣಿ ಕಿರಿದಾಗಿರಬೇಕು, ಕಿರಿದಾದ ದೋಣಿ ಅಗಲದ ದೋಣಿಗಿಂತ ಬೇಗ ಮಗುಚುತ್ತದೆ. 1886ರ ಡಿಸೆಂಬರ್ 9ರ ರಾತ್ರಿ ಪಶ್ಚಿಮ ತೀರದಲ್ಲಿ 'ಮೆಕ್ಸಿಕೊ' ಎಂಬ ಹಡಗಿನ ನೆರವಿಗೆ ಹೊರಟ ಸೌತ್‌ಪೋರ್ಟ್ ಮತ್ತು ಸೇಂಟ್ ಆನ್ಸ್ ಊರುಗಳ ಎರಡು ದೋಣಿಗಳು ಮಗುಚಿ 27 ಮಂದಿ ರಕ್ಷಕರೇ ಸತ್ತದ್ದು ಈ ಸಂಸ್ಥೆಯ ಚರಿತ್ರೆಯ ಅತಿ ದೊಡ್ಡ ಆಘಾತ. ನಾರ್ಫೋಕ್ ಮತ್ತು ಸಫೋಕ್ ತೀರದ ಅಂಬಿಗರು ಮೊದಲಿನಿಂದಲೂ ಈ ಮಾದರಿಯನ್ನು ನಂಬದೆ, ಮಗುಚಲಾರದಷ್ಟು ಅಗಲವಾದ, ಹಾಯಿಯನ್ನೇ ಮುಖ್ಯವಾಗಿ ನೆಚ್ಚಿದ ದೊಡ್ಡ ದೋಣಿಗಳನ್ನೇ ಕೇಳಿ ಪಡೆದರು. ಯಾವ ವಾದ ಸರಿ ಎಂಬುದು ತೀರಕ್ಕೆ ತಕ್ಕಂತೆ ಬದಲಾಗುತ್ತಿತ್ತು. ವಿಟ್ಬಿಯಂಥ ಕಡೆ, ಎಂದರೆ ದೋಣಿಯನ್ನು ಗಾಡಿಯ ಮೇಲೇರಿಸಿ ಎಲ್ಲಿ ಬೇಕಾದರಲ್ಲಿ ನೀರಿಗಿಳಿಸಬೇಕಾದ ಊರಿನಲ್ಲಿ, ಹಗುರವಾದ ಕಿರಿದಾದ ದೋಣಿಯೇ ಬೇಕಾಗಿತ್ತು.

ಹುಟ್ಟು ಮತ್ತು ಹಾಯಿ ಎರಡನ್ನೂ ಇಟ್ಟುಕೊಂಡದ್ದೇಕೆ ಎಂಬುದನ್ನೂ ಇಲ್ಲೇ ಹೇಳಬೇಕು. ದೂರ ಸಾಗಲು, ಗಾಳಿ ಅನುಕೂಲವಾದಾಗ ಅಂಬಿಗರ ಶಕ್ತಿ ಉಳಿಸಲು ಹಾಯಿ. ತೀರದಿಂದ ಹೊರಬೀಳಲು, ಒಡೆಯುವ ತೆರೆಗಳನ್ನು ಸೀಳಲು, ಮುಳುಗುತ್ತಿರುವ ಹಡಗಿನ ಮಗ್ಗುಲಿಗೆ ಅಂಗುಲ ಅಂಗುಲವಾಗಿ ಸೇರಲು ಹುಟ್ಟು. ಎಷ್ಟೋ ಸಲ ಹಡಗಿಗಿಂತ ಮೇಲ್ಗಾಳಿಯಲ್ಲಿ ಲಂಗರು ಹಾಕಿ, ಹಗ್ಗವನ್ನು ಸ್ವಲ್ಪಸ್ವಲ್ಪವೇ ಬಿಡುತ್ತ, ಹಿಂಭಾಗದಿಂದ ಹಡಗಿನತ್ತ ಇಳಿಯುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಹಗ್ಗವನ್ನು ಎಳೆದುಕೊಂಡು ಹೊರಬರುತ್ತಿದ್ದರು. ಗಾಳಿಯ ಅಬ್ಬರದಲ್ಲಿ ಎಡ ಬಲದ ಆಜ್ಞೆ ಗೊಂದಲವಾಗದಂತೆ ಹುಟ್ಟುಗಳಿಗೆ ಒಂದು ಬದಿಯವಕ್ಕೆ ಒಂದು ಬಣ್ಣ, ಇನ್ನೊಂದು ಬದಿಯವಕ್ಕೆ ಇನ್ನೊಂದು ಬಣ್ಣ ಬಳಿಯುತ್ತಿದ್ದರು. ಇಂಥ ಸಣ್ಣ ಏರ್ಪಾಡುಗಳ ಹಿಂದಿನ ಅನುಭವವನ್ನು ಕಲ್ಪಿಸಿಕೊಂಡು ನೋಡಿದರೆ ಒಂದೇ ದೋಣಿಯ ಮುಂದೆ ಒಂದು ಗಂಟೆ ಕಳೆದದ್ದು ಗೊತ್ತಾಗುವುದಿಲ್ಲ.

ವಿಟ್ಬಿಯ ಜೀವರಕ್ಷಕ ದೋಣಿಗಳ ಕಥೆಯಲ್ಲಿ ತಪ್ಪದೆ ಬರುವ ಹೆಸರು ಹೆನ್ರಿ ಫ್ರೀಮನ್. 1861ರ ಫೆಬ್ರುವರಿ 9ರಂದು ಬೀಸಿದ ಬಿರುಗಾಳಿಯಲ್ಲಿ ಊರಿನ ದೋಣಿ ಒಂದೇ ದಿನ ಐದು ಸಲ ಹೊರಟು ಐದು ಹಡಗುಗಳವರನ್ನು ದಡ ಸೇರಿಸಿತ್ತು. ಆರನೆಯ ಸಲ ಹೋದಾಗ ಅಳಿವೆಯ ಬಳಿಯೇ ಮಗುಚಿತು. ದಡದಲ್ಲಿ ಜನ ನಿಂತು ನೋಡುತ್ತಿದ್ದಂತೆ 13 ಮಂದಿಯಲ್ಲಿ 12 ಮಂದಿ ಮುಳುಗಿದರು. ಉಳಿದವರು ಫ್ರೀಮನ್ ಒಬ್ಬರೇ. ಅಂದು ಅವರೊಬ್ಬರು ಮಾತ್ರ ಕ್ಯಾಪ್ಟನ್ ಜಾನ್ ವಾರ್ಡ್ ರೂಪಿಸಿದ ಹೊಸ ಬಗೆಯ ಬೆಂಡಿನ ಕವಚವನ್ನು ತೊಟ್ಟಿದ್ದರು. ಬೆಂಡಿನ ತುಂಡುಗಳನ್ನು ಬಟ್ಟೆಗೆ ಸಾಲಾಗಿ ಹೊಲಿದು ಎದೆಗೂ ಬೆನ್ನಿಗೂ ಕಟ್ಟಿಕೊಳ್ಳುವ ಆ ಕವಚ ಹುಟ್ಟು ಹಾಕುವವರಿಗೆ ತೊಡಕೆಂದು ಹಲವರು ದೂರವಿಟ್ಟಿದ್ದ ಕಾಲ ಅದು. ಈ ಒಂದು ದುರಂತದ ನಂತರ ಅದರ ಕುರಿತ ವಾದ ಮುಗಿಯಿತು. ಆ ಕವಚ ತೊಟ್ಟ ಗಡ್ಡದ ಫ್ರೀಮನ್ ಅವರ ಭಾವಚಿತ್ರವನ್ನು ವಿಟ್ಬಿಯ ಛಾಯಾಗ್ರಾಹಕ ಫ್ರಾಂಕ್ ಮೆಡೋ ಸಟ್‌ಕ್ಲಿಫ್ ತೆಗೆದಿದ್ದಾರೆ; ಊರಿನಲ್ಲಿ ಸುತ್ತಾಡುವವರಿಗೆ ಅದು ಎಲ್ಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಇದೇ ಫ್ರೀಮನ್ ಮುಂದೆ ಚುಕ್ಕಾಣಿ ಹಿಡಿಯುವ ನಾಯಕರಾದರು. ನಮ್ಮ ಕರಾವಳಿಯ ತಾಂಡೇಲನ ಸ್ಥಾನ ಅದು. 1881ರ ಜನವರಿಯಲ್ಲಿ ದಕ್ಷಿಣದ ರಾಬಿನ್ ಹುಡ್ಸ್ ಬೇ ಎಂಬಲ್ಲಿ 'ವಿಸಿಟರ್' ಎಂಬ ಹಡಗು ಮುಳುಗಿ, ಅದರ ಆರು ಮಂದಿ ಹಡಗಿನ ಸಣ್ಣ ದೋಣಿಯಲ್ಲಿ ಸಿಕ್ಕಿಕೊಂಡಿದ್ದಾರೆಂದು ತಂತಿ ಬಂತು. ಸಮುದ್ರದ ದಾರಿಯಲ್ಲಿ ಹೋಗುವುದು ಅಸಾಧ್ಯವಾಗಿತ್ತು. ಹಾಗಾಗಿ ದೋಣಿಯನ್ನು ಗಾಡಿಗೇರಿಸಿ, ಆಳೆತ್ತರ ಬಿದ್ದ ಹಿಮವನ್ನು ಸುಮಾರು 200 ಜನ ಎರಡೂ ಕಡೆಯಿಂದ ಕಡಿದು ದಾರಿ ಮಾಡುತ್ತಿದ್ದಂತೆ, 18 ಕುದುರೆಗಳು ಅದನ್ನು ಗುಡ್ಡದ ಮೇಲಿಂದ ಸುಮಾರು 10 ಕಿಲೋಮೀಟರ್ ಎಳೆದವು. ಕೊನೆಯದು ಕಡಿದಾದ ಇಳಿಜಾರಿನ ಇಕ್ಕಟ್ಟಾದ ಬೀದಿ. ಅಲ್ಲಿ ಎಳೆಯುವುದಲ್ಲ, ತಡೆಯುವುದೇ ಕೆಲಸ. ತೇರು ಇಳಿಜಾರಿಗೆ ಬಂದಾಗ ಹಿಂದಿನ ಮಿಣಿ ಹಿಡಿದವರ ಮೇಲೆ ಬೀಳುವ ಹೊಣೆಯೇ ಅಲ್ಲಿಯೂ ಇತ್ತು. ಮೊದಲ ಯತ್ನದಲ್ಲಿ ಹುಟ್ಟುಗಳು ಮುರಿದು ದೋಣಿ ಹಿಂದಿರುಗಿತು. ಎರಡನೆಯ ಸಲ ಹೋಗಿ ಆರೂ ಜನರನ್ನು ಕರೆತಂದರು. ರಾಬಿನ್ ಹುಡ್ಸ್ ಬೇಯಲ್ಲಿ ಈ ಘಟನೆಯನ್ನು ನೆನಪಿಸುವ ಫಲಕವಿದೆ. ಸಮಯವಿದ್ದವರು ಆ ಬೀದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಬರಿಗೈಯಲ್ಲಿ ನಡೆದು ನೋಡಲಿ; ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಈಗ 'ವಿಲಿಯಂ ರೈಲಿ'ಗೆ ಬರುತ್ತೇನೆ. 1909ರಲ್ಲಿ ಲಂಡನ್ನಿನ ಥೇಮ್ಸ್ ಐರನ್‌ವರ್ಕ್ಸ್ ಕಟ್ಟಿದ, ತಾನಾಗಿ ನೆಟ್ಟಗಾಗುವ ದೋಣಿ ಇದು. ಅದರಲ್ಲೂ ಗಾಡಿಯ ಮೇಲೆ ಸಾಗಿಸಲು ಅನುಕೂಲವಾಗುವಂತೆ ಹಗುರಗೊಳಿಸಿದ ರೂಬಿ ಮಾದರಿ. ವಿಟ್ಬಿಯ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ, ಕಡಿದಾದ ಮಣ್ಣಿನ ದಿಬ್ಬದ ಕೆಳಗಿದ್ದ ಅಪ್‌ಗ್ಯಾಂಗ್ ಠಾಣೆಯಲ್ಲಿ ಇದನ್ನು ಇರಿಸಿದ್ದರು. ಅಲ್ಲಿ ಐದು ವರ್ಷ ಸದ್ದಿಲ್ಲದೆ ಕೆಲಸ ಮಾಡಿಕೊಂಡಿದ್ದ ಈ ದೋಣಿಯನ್ನು ಚರಿತ್ರೆಗೆ ಎಳೆತಂದದ್ದು 'ರೊಹಿಲ್ಲಾ' ಹಡಗಿನ ದುರಂತ.

'ರೊಹಿಲ್ಲಾ'ದ ಹೆಸರು ಕೇಳಿದೊಡನೆ ಭಾರತೀಯ ಓದುಗರ ಕಿವಿ ನೆಟ್ಟಗಾಗಬೇಕು. ಇದು ನಮ್ಮ ರೊಹಿಲಖಂಡದ ರೊಹಿಲ್ಲರ ಹೆಸರೇ. ಹಡಗು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯದು. ಭಾರತದ ಪೂರ್ವ ಮತ್ತು ಪಶ್ಚಿಮ ಕರಾವಳಿಗಳ ಬಂದರುಗಳ ನಡುವೆ ಒಂದು ಕಾಲದಲ್ಲಿ ಅಂಚೆ, ಸರಕು, ಪ್ರಯಾಣಿಕರನ್ನು ಸಾಗಿಸುತ್ತಿದ್ದ ಕಂಪನಿ ಅದೇ. 1906ರಲ್ಲಿ ಬೆಲ್‌ಫಾಸ್ಟಿನ ಹಾರ್ಲಂಡ್ ಅಂಡ್ ವುಲ್ಫ್ ಕಟ್ಟಿದ ಸುಮಾರು 7,400 ಟನ್ನಿನ ಈ ಹಡಗನ್ನು ಸೈನಿಕರ ಸಾಗಣೆಗೂ ಬಳಸಿದ್ದರು. ಮೊದಲ ಮಹಾಯುದ್ಧ ಆರಂಭವಾದಾಗ ಅದನ್ನು ಆಸ್ಪತ್ರೆ ಹಡಗಾಗಿ ಮಾರ್ಪಡಿಸಲಾಯಿತು. ಗಾಯಾಳುಗಳನ್ನು ತರಲು ಸ್ಕಾಟ್ಲೆಂಡಿನ ಕಡೆಯಿಂದ ಫ್ರಾನ್ಸಿನ ಡಂಕರ್ಕ್‌ಗೆ ಹೊರಟಿದ್ದ ಅದು 1914ರ ಅಕ್ಟೋಬರ್ 30ರ ನಸುಕಿನ ನಾಲ್ಕು ಗಂಟೆಯ ಸುಮಾರಿಗೆ, ವಿಟ್ಬಿಯ ಪೂರ್ವಕ್ಕಿರುವ ಸಾಲ್ಟ್‌ವಿಕ್ ಬಂಡೆಗಳಿಗೆ ಬಡಿಯಿತು. ಯುದ್ಧದ ಕಾರಣ ತೀರದ ದೀಪಗಳನ್ನೆಲ್ಲ ಆರಿಸಿದ್ದರು. ಹಡಗಿನಲ್ಲಿದ್ದವರು 229 ಮಂದಿ. ದಡ ಕೆಲವೇ ನೂರು ಗಜ ದೂರ. ಅಷ್ಟು ಹತ್ತಿರದಿಂದ ಊರಿಗೆ ಊರೇ ನಿಂತು ನೋಡುತ್ತಿದ್ದರೂ ಬದುಕುಳಿದವರನ್ನು ದಡ ಸೇರಿಸಲು ಎರಡು ದಿನಗಳಿಗೂ ಮೀರಿ ಹಿಡಿಯಿತು, ಮತ್ತು ಎಂಬತ್ತಕ್ಕೂ ಹೆಚ್ಚು ಜನ ಸತ್ತರು.

ಬಂದರಿನ ಬಾಯಿಂದ ದೋಣಿ ಹೊರಡುವುದು ಅಂದು ಸಾಧ್ಯವಿರಲಿಲ್ಲ. ವಿಟ್ಬಿ ಠಾಣೆಯಲ್ಲಿ ಆಗ ಎರಡನೆಯ ದೋಣಿಯಾಗಿದ್ದ 'ಜಾನ್ ಫೀಲ್ಡನ್' ಅನ್ನು ಜನರು ಬರಿ ತೋಳಿನ ಬಲದಿಂದ ಎಂಟು ಅಡಿ ಎತ್ತರದ ಕಲ್ಲಿನ ಗೋಡೆಯ ಮೇಲೆ ಹಾಯಿಸಿ, ಬಂಡೆಗಳ ಮೇಲೆ ಎಳೆದು ಹಡಗಿನ ನೇರಕ್ಕೆ ತಂದರು. ಅಷ್ಟರಲ್ಲೇ ಅದರ ತಳಕ್ಕೆ ಬಂಡೆ ಬಡಿದು ಪೆಟ್ಟಾಗಿತ್ತು. ತಾಂಡೇಲ ಥಾಮಸ್ ಲ್ಯಾಂಗ್‌ಲ್ಯಾಂಡ್ಸ್ ಆ ದೋಣಿಯಲ್ಲೇ ಹೊರಟರು. ಮೊದಲ ಸಲ 17 ಮಂದಿ, ಅವರಲ್ಲಿ ದಾದಿಯರೂ ಸೇರಿ ಹಡಗಿನಲ್ಲಿದ್ದ ಐವರು ಮಹಿಳೆಯರು. ಅವರಲ್ಲೊಬ್ಬರಾದ ಮೇರಿ ರಾಬರ್ಟ್ಸ್ ಎರಡು ವರ್ಷ ಹಿಂದೆ 'ಟೈಟಾನಿಕ್' ಮುಳುಗಿದಾಗ ಬದುಕಿ ಬಂದವರು. ಎರಡನೆಯ ಸಲ 18 ಮಂದಿ. ಅಲ್ಲಿಗೆ ದೋಣಿ ಪೂರ್ತಿ ಒಡೆದು ಕೆಲಸಕ್ಕೆ ಬಾರದಾಯಿತು.

ಆಗ ಅಪ್‌ಗ್ಯಾಂಗ್‌ನಿಂದ 'ವಿಲಿಯಂ ರೈಲಿ'ಯನ್ನು ತರಿಸಿದರು. ಅದನ್ನು ಗಾಡಿಯ ಮೇಲೆ ವಿಟ್ಬಿಯ ಬೀದಿಗಳ ಮೂಲಕ ನದಿ ದಾಟಿಸಿ, ಎದುರಿನ ಗುಡ್ಡ ಹತ್ತಿಸಿ, ಹೊಲಗಳನ್ನು ಹಾಯಿಸಿ ಸಾಲ್ಟ್‌ವಿಕ್‌ನ ಪ್ರಪಾತದ ಅಂಚಿಗೆ ತಂದರು. ಅಲ್ಲಿಂದ ಸುಮಾರು 200 ಅಡಿ ಕೆಳಗಿನ ತೀರಕ್ಕೆ ಹಗ್ಗ ಕಟ್ಟಿ ಇಳಿಸಿದರು. ಹತ್ತು ಹುಟ್ಟುಗಳ ಮರದ ದೋಣಿಯೊಂದು, ಅದರ ಎಲ್ಲ ಭಾರದೊಂದಿಗೆ, ಬಿರುಗಾಳಿಯಲ್ಲಿ ಲಂಬವಾದ ಬಂಡೆಯ ಮುಖದಲ್ಲಿ ತೂಗುತ್ತ ಇಳಿಯುವುದನ್ನು, ಅದರ ಹಗ್ಗ ಹಿಡಿದ ನೂರಾರು ಕೈಗಳನ್ನು ನೆನೆದರೆ ಈ ದೋಣಿಯ ಚರಿತ್ರೆಯ ಮುಖ್ಯ ಭಾಗ ನಡೆದದ್ದು ನೆಲದ ಮೇಲೆಯೇ ಎನಿಸುತ್ತದೆ. ಮರುದಿನ ಅದು ನೀರಿಗಿಳಿಯಿತು. ಅಂಬಿಗರು ಕೈ ಸೋಲುವ ತನಕ ಹುಟ್ಟು ಹಾಕಿದರು. ಹಡಗು ಮತ್ತು ಬಂಡೆಯ ನಡುವಿನ ಸೆಳೆತವನ್ನೂ ಒಡೆಯುವ ತೆರೆಗಳನ್ನೂ ದಾಟಲಾಗದೆ ಹಿಂದಿರುಗಿದರು. ಹಡಗಿನ ಮೇಲಿದ್ದವರು ಅದನ್ನು ನೋಡುತ್ತಿದ್ದರು. ರಾಕೆಟ್ ಹಾರಿಸಿ ಹಗ್ಗ ತಲುಪಿಸುವ ಯತ್ನಗಳೂ ವಿಫಲವಾಗಿದ್ದವು. ಧೈರ್ಯ ಮಾಡಿದವರು ನೀರಿಗೆ ಹಾರಿ ಈಜಿದರು, ಅವರಲ್ಲಿ ಕೆಲವರನ್ನು ಊರವರು ತೆರೆಗಳೊಳಗೆ ನಡೆದುಹೋಗಿ ಎಳೆದು ತಂದರು.

ಕೊನೆಗೆ ನೆರವಿಗೆ ಬಂದದ್ದು ಮೋಟಾರು. ಟೈನ್‌ಮತ್‌ನ 'ಹೆನ್ರಿ ವರ್ನನ್' ಎಂಬ ಯಂತ್ರಚಾಲಿತ ಜೀವರಕ್ಷಕ ದೋಣಿ, ತಾಂಡೇಲ ರಾಬರ್ಟ್ ಸ್ಮಿತ್ ಮತ್ತು ಕ್ಯಾಪ್ಟನ್ ಬರ್ಟನ್ ಅವರ ನೇತೃತ್ವದಲ್ಲಿ, ಒಂದು ದೀಪವೂ ಇಲ್ಲದ ಕತ್ತಲ ತೀರದುದ್ದಕ್ಕೂ 44 ಮೈಲಿ ಸಾಗಿ ರಾತ್ರಿಯೇ ವಿಟ್ಬಿ ಸೇರಿತು. ನವೆಂಬರ್ 1ರ ಬೆಳಗಿನ ಜಾವ ಹಡಗಿನ ಹತ್ತಿರ ಹೋಗಿ, ತೆರೆಗಳ ರಭಸ ತಗ್ಗಿಸಲು ನೀರಿನ ಮೇಲೆ ಎಣ್ಣೆ ಸುರಿದು, ಉಳಿದಿದ್ದ 50 ಮಂದಿಯನ್ನೂ ಇಳಿಸಿಕೊಂಡಿತು. ಕೊನೆಯವರಾಗಿ ಬಂದ ಕ್ಯಾಪ್ಟನ್ ನೀಲ್ಸನ್ ಹಡಗಿನ ಕರಿಬೆಕ್ಕನ್ನೂ ತಂದರಂತೆ. ಲ್ಯಾಂಗ್‌ಲ್ಯಾಂಡ್ಸ್, ಸ್ಮಿತ್, ಬರ್ಟನ್ ಮೂವರಿಗೂ ಸಂಸ್ಥೆಯ ಚಿನ್ನದ ಪದಕ ಸಂದಿತು. ಜೀವರಕ್ಷಕ ದೋಣಿಗೆ ಯಂತ್ರ ಅಳವಡಿಸುವ ಪ್ರಯೋಗ 1904ರಲ್ಲೇ ಆರಂಭವಾಗಿದ್ದರೂ, ನೀರು ತಾಗಿ ಯಂತ್ರ ಕೈಕೊಟ್ಟರೆ ಗತಿಯೇನು ಎಂಬ ಅಂಬಿಗರ ಅನುಮಾನ ಸಹಜವಾಗಿಯೇ ಇತ್ತು. ಒಂದೇ ಹಡಗು, ಒಂದೇ ಬಿರುಗಾಳಿ, ಎರಡು ಬಗೆಯ ದೋಣಿ: ಇಂಥ ಹೋಲಿಕೆಯನ್ನು ಯಾವ ಪರೀಕ್ಷಕರೂ ಏರ್ಪಡಿಸಲಾರರು. ಹುಟ್ಟಿನ ದೋಣಿಯಲ್ಲಿದ್ದವರ ಧೈರ್ಯಕ್ಕೆ ಏನೂ ಕೊರತೆಯಿರಲಿಲ್ಲ. ಅಡ್ಡಬಂದದ್ದು ತೋಳಿನ ಬಲಕ್ಕಿರುವ ಮಿತಿ ಮಾತ್ರ.

'ವಿಲಿಯಂ ರೈಲಿ' 1919ರಲ್ಲಿ ಅಪ್‌ಗ್ಯಾಂಗ್ ಠಾಣೆ ಮುಚ್ಚಿದ ಮೇಲೆ ವಿಟ್ಬಿಗೆ ಬಂದು 1931ರವರೆಗೆ ಸೇವೆಯಲ್ಲಿತ್ತು. ನಂತರ ಅದನ್ನು ಮಾರಿದರು. ಹಳೆಯ ಜೀವರಕ್ಷಕ ದೋಣಿಗಳಿಗೆ ಆ ಕಾಲದಲ್ಲಿ ಒಳ್ಳೆಯ ಗಿರಾಕಿಗಳಿದ್ದರು, ಏಕೆಂದರೆ ಅವುಗಳ ಮರ ಮತ್ತು ಕಟ್ಟುವಿಕೆಗೆ ಸಾಟಿಯಿರಲಿಲ್ಲ: ಮಹಾಗನಿಯ ಎರಡು ಪದರದ ಹಲಗೆಗಳನ್ನು ಒಂದಕ್ಕೊಂದು ಓರೆಯಾಗಿ ಹೊದಿಸಿ, ನಡುವೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಕೂರಿಸುತ್ತಿದ್ದರು. ಜನರು ಅವನ್ನು ವಿಹಾರಕ್ಕೆ, ವಾಸಕ್ಕೆ ಮಾರ್ಪಡಿಸಿಕೊಳ್ಳುತ್ತಿದ್ದರು. ಹಾಗೆ ಕೈಯಿಂದ ಕೈಗೆ ದಾಟಿ, ಜೀರ್ಣವಾಗಿ, 2005ರಲ್ಲಿ 'ವಿಲಿಯಂ ರೈಲಿ' ಇಬೇ ಎಂಬ ಅಂತರ್ಜಾಲ ಮಾರುಕಟ್ಟೆಯಲ್ಲಿ ಮಾರಾಟಕ್ಕೆ ಕಾಣಿಸಿಕೊಂಡಿತು. ವಿಟ್ಬಿಯವರು ಅದನ್ನು ಗುರುತಿಸಿ, ಕೊಂಡು, ಹಣ ಕೂಡಿಸಿ ಅದರ ಮೂಲರೂಪಕ್ಕೆ ಮರಳಿಸಿದರು.

ಈ ಜೀರ್ಣೋದ್ಧಾರದ ಬಗ್ಗೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ಹಳೆಯ ದೋಣಿಯನ್ನು ನೀರಿಗಿಳಿಸಬೇಕೆಂದರೆ ಕೊಳೆತ ಮರವನ್ನು ಕಿತ್ತು ಹೊಸ ಮರ ಹಾಕಲೇಬೇಕು. ಪ್ರತಿ ದುರಸ್ತಿಯಲ್ಲೂ ಮೂಲದ ಒಂದಂಶ ಹೋಗುತ್ತದೆ. ಒಣ ಕಟ್ಟಡದಲ್ಲಿಟ್ಟ 'ರಾಬರ್ಟ್ ಅಂಡ್ ಎಲೆನ್ ರಾಬ್ಸನ್'ಗೆ ಆ ಭಯವಿಲ್ಲ. ಅದನ್ನು ಮುಟ್ಟದೆ ಉಳಿಸಿಕೊಳ್ಳುವುದೇ ಸರಿ, ಇನ್ನು ನೂರು ವರ್ಷದ ನಂತರ ಯಾರಾದರೂ ಒಂದು ಮೊಳೆಯ ಗುರುತು ನೋಡಬಯಸಿದರೂ ಅದು ಅಲ್ಲಿರಬೇಕು. ಆದರೆ ದೋಣಿ ತೇಲುವಾಗ ಹೇಗೆ ಕೂರುತ್ತದೆ, ಉದ್ದನೆಯ ಹುಟ್ಟು ಎಷ್ಟು ಭಾರ, ಹತ್ತು ಜನ ಒಂದೇ ಲಯಕ್ಕೆ ಬರದಿದ್ದರೆ ಏನಾಗುತ್ತದೆ, ಹಾಯಿ ಬಿಚ್ಚಿದೊಡನೆ ಅದು ಹೇಗೆ ವಾಲುತ್ತದೆ ಎಂಬುದನ್ನು ಯಾವ ಫಲಕವೂ ಹೇಳಲಾರದು. ಶಾಂತವಾದ ನೀರಿನಲ್ಲಿ, ದಕ್ಕೆಯ ಮೇಲೆ ನಿಂತು ನೋಡಿದರೂ ಸಾಕು. ಅದರ ಅಂಚು ನೀರಿಗೆ ಎಷ್ಟು ಹತ್ತಿರ ಎಂಬುದು ಕಂಡಾಗ 1914ರ ಆ ಅಂಬಿಗರು ಎದುರಿಸಿದ್ದೇನೆಂಬುದು ಮೊದಲ ಬಾರಿಗೆ ಅಳತೆಗೆ ಸಿಗುತ್ತದೆ. ಎರಡು ದೋಣಿ, ಎರಡು ಬಗೆಯ ಸಂರಕ್ಷಣೆ. ಒಂದೇ ಊರಿನಲ್ಲಿ ಎರಡೂ ಇರುವುದು ವಿಟ್ಬಿಯ ವಿಶೇಷ. ಇತರ ಊರುಗಳಲ್ಲಿ, ಉದಾಹರಣೆಗೆ 1802ರ 'ಜೆಟ್‌ಲ್ಯಾಂಡ್' ಇರುವ ರೆಡ್‌ಕಾರ್‌ನಲ್ಲಿ, ಇದಕ್ಕಿಂತ ಹಳೆಯ ದೋಣಿ ಸಿಗುತ್ತದೆ. ಪ್ರಪಂಚದಲ್ಲೇ ಉಳಿದಿರುವ ಅತಿ ಹಳೆಯ ಜೀವರಕ್ಷಕ ದೋಣಿ ಅದು, ವಿಟ್ಬಿಯಿಂದ ದೂರವೂ ಅಲ್ಲ. ಆಸಕ್ತರು ಮರುದಿನಕ್ಕೆ ಇಟ್ಟುಕೊಳ್ಳಬಹುದು.

ಹೋಗುವವರಿಗೆ ಕೆಲವು ಮಾತು. ಲೀಡ್ಸ್ ಮತ್ತು ಯಾರ್ಕ್‌ನಿಂದ ಕೋಸ್ಟ್‌ಲೈನರ್ ಬಸ್ಸು ಪಿಕರಿಂಗ್ ಮಾರ್ಗವಾಗಿ ವಿಟ್ಬಿಗೆ ಬರುತ್ತದೆ. ಮಿಡಲ್ಸ್‌ಬರೋದಿಂದ ಎಸ್ಕ್ ಕಣಿವೆಯ ರೈಲಿದೆ, ಆದರೆ ದಿನಕ್ಕೆ ಕೆಲವೇ ಗಾಡಿಗಳು. ವಸ್ತುಸಂಗ್ರಹಾಲಯವನ್ನು ಸ್ವಯಂಸೇವಕರ ಅನುಕೂಲ ನೋಡಿ ತೆರೆಯುತ್ತಾರೆ, ಚಳಿಗಾಲದಲ್ಲಿ ಬಾಗಿಲು ಹಾಕಿರುವ ದಿನಗಳೇ ಹೆಚ್ಚು. 'ವಿಲಿಯಂ ರೈಲಿ'ಯೂ ಎಲ್ಲ ದಿನವೂ ನೀರಿನಲ್ಲಿರುವುದಿಲ್ಲ. ಎರಡನ್ನೂ ಮೊದಲೇ ವಿಚಾರಿಸಿಕೊಂಡು, ಬೇಸಿಗೆಯ ತಿಂಗಳಲ್ಲಿ ಹೋಗುವುದು ಉತ್ತಮ. ಮಕ್ಕಳಿದ್ದರೆ ಮೊದಲು ದೋಣಿಮನೆ, ಆಮೇಲೆ ಬಂದರು. ಎರಡು ಕಡೆಯೂ ಸೇರಿ ಅರ್ಧ ದಿನ ಸಾಕು. ಊರಿನ ಸ್ಮಶಾನದಲ್ಲಿ 'ರೊಹಿಲ್ಲಾ'ದ ಮೃತರಿಗಾಗಿ ಬ್ರಿಟಿಷ್ ಇಂಡಿಯಾ ಕಂಪನಿ ನಿಲ್ಲಿಸಿದ ಸ್ಮಾರಕವೂ ಇದೆ.

ಇನ್ನರ್ಧ ದಿನವನ್ನು ಸಾಲ್ಟ್‌ವಿಕ್‌ಗೆ ಇಟ್ಟುಕೊಳ್ಳಿ. ಮಠದ ಹಿಂದಿನಿಂದ ಪ್ರಪಾತದ ಅಂಚಿನುದ್ದಕ್ಕೂ ಕ್ಲೀವ್‌ಲ್ಯಾಂಡ್ ವೇ ಎಂಬ ಕಾಲುದಾರಿ ಹೋಗುತ್ತದೆ; ನಿಧಾನವಾಗಿ ನಡೆದರೂ ಬೇಗನೆ 'ವಿಲಿಯಂ ರೈಲಿ'ಯನ್ನು ಇಳಿಸಿದ ಸುತ್ತಿನ ಪ್ರದೇಶ ಸಿಗುತ್ತದೆ, ಕೆಳಗೆ ಬಂಡೆಗಳ ಸಾಲು ಕಾಣುತ್ತದೆ. ಮಳೆಯಾದ ಮೇಲೆ ಅಂಚಿನ ಮಣ್ಣು ಸಡಿಲ, ದಾರಿ ಬಿಟ್ಟು ಮುಂದೆ ಹೋಗಬಾರದು. ತೀರದ ಮೇಲೆ ವಿಟ್ಬಿಯಿಂದ ನಡೆದುಕೊಂಡು ಸಾಲ್ಟ್‌ವಿಕ್ ತಲುಪುವ ಯೋಚನೆಯಿದ್ದರೆ ಉಬ್ಬರ ಇಳಿತದ ವೇಳಾಪಟ್ಟಿಯನ್ನು ಅಂದೇ ನೋಡಿಕೊಂಡು, ನೀರು ಇಳಿಯುತ್ತಿರುವಾಗಲೇ ಹೊರಡಬೇಕು. ಉಬ್ಬರ ಏರಿದರೆ ಹಿಂದೆ ಮುಂದೆ ದಾರಿಯಿಲ್ಲದೆ ಪ್ರಪಾತದ ಬುಡದಲ್ಲಿ ಸಿಕ್ಕಿಬೀಳುವವರು ಇಂದಿಗೂ ಇದ್ದಾರೆ, ಅವರನ್ನು ಕರೆತರಲು ಇದೇ ವಿಟ್ಬಿಯ ಸ್ವಯಂಸೇವಕರೇ ಹೊರಡಬೇಕಾಗುತ್ತದೆ.